ಗೋದಾಮಿನ ಓಣಿ ಖಾಲಿಯಾದ ವರ್ಷ

ಹಗರಿಬೊಮ್ಮನಹಳ್ಳಿಯ ಗೋದಾಮಿನ ಓಣಿಗೆ ಮಾಲಾ ಬಾಡಿಗೆಗೆ ಬಂದಾಗ ಅಲ್ಲಿನ ನಾಯಿಗಳಿಗೆ ಲೆಕ್ಕವೇ ಇರಲಿಲ್ಲ. ಓಣಿಯ ಒಂದು ತುದಿಗೆ ದುರುಗೇಶನ ಕೋಳಿ ಅಂಗಡಿ, ಇನ್ನೊಂದು ತುದಿಗೆ ಒಗ್ಗಾಣಿ ಮಿರ್ಚಿ ಮಾರುವ ಎರಡು ಗಾಡಿ. ಇವುಗಳ ನಡುವೆ ಹತ್ತಿಪ್ಪತ್ತು ಮನೆ, ಒಂದಷ್ಟು ಗೋದಾಮು. ಕೋಳಿಯ ಕರುಳು, ಚರ್ಮ, ಗಾಡಿಗಳ ಎಂಜಲು ಎಲ್ಲವೂ ಹಳೇ ಬಾವಿಯ ಪಕ್ಕದ ತಿಪ್ಪೆಗೆ ಬೀಳುತ್ತಿದ್ದವು. ಕೂಳು ಇದ್ದಲ್ಲಿ ನಾಯಿ ಇದ್ದವು. ವರ್ಷಕ್ಕೆ ಎರಡು ಸಲ ಗೋದಾಮಿನ ಜಗಲಿ ಕೆಳಗೆ ಮರಿಗಳು ಕಣ್ಣು ಬಿಡುತ್ತಿದ್ದವು. ಅರ್ಧಕ್ಕಿಂತ ಹೆಚ್ಚು ಮಳೆಗೋ, ಟ್ರ್ಯಾಕ್ಟರಿನ ಗಾಲಿಗೋ ಸಿಕ್ಕು ಹೋಗುತ್ತಿದ್ದವು. ಉಳಿದವು ಬೆಳೆದು ಮತ್ತೆ ಈಯುತ್ತಿದ್ದವು.

ಮಾಲಾ ಊರಿನ ಪಶು ಆಸ್ಪತ್ರೆಯಲ್ಲಿ ಪರೀಕ್ಷಕಿ. ದನಕ್ಕೆ ಸೂಜಿ ಮಾಡುವುದು, ಲಸಿಕೆಗೆ ಹಳ್ಳಿ ತಿರುಗುವುದು ಅವಳ ಕೆಲಸ. ಗಂಡ ಸಂಜೀವ ಬಸ್ ಕಂಡಕ್ಟರ್. ತೆಲಿಗಿಯಲ್ಲಿ ಕೂಲಿ ಮಾಡಿ ಮಗಳನ್ನು ಓದಿಸಿದ ಅಪ್ಪ ಜೋಗಪ್ಪನ ಮನೆತನದಲ್ಲಿ ಸಂಬಳದ ಕೆಲಸಕ್ಕೆ ಸೇರಿದ ಮೊದಲನೆಯವಳು ಅವಳೇ. ಓಣಿಯಲ್ಲಿ ಮನೆ ಕೊಡಲು ಮೂರು ಜನ ಹಿಂದೆ ಮುಂದೆ ನೋಡಿದ್ದರು. ಕೊನೆಗೆ ಕೊಡಿಸಿದ್ದು ಎದುರು ಮನೆಯ ಕೊಟ್ರಮ್ಮ.

ಕೊಟ್ರಮ್ಮನ ಗಂಡ ಹಾಲಸ್ವಾಮಿಗೆ ಬಸ್ ಸ್ಟ್ಯಾಂಡಿನ ಹತ್ತಿರ ಬೀಜ, ಗೊಬ್ಬರ, ಎಣ್ಣೆಯ ಅಂಗಡಿ ಇತ್ತು. ಎಣ್ಣೆ ಅಂದರೆ ಹೊಲಕ್ಕೆ ಹೊಡೆಯುವ ಔಷಧಿ. ಮಗ ಗುರುಶಾಂತ ಅಪ್ಪನ ಜೊತೆ ಅಂಗಡಿ ನೋಡುತ್ತಿದ್ದ. ಮಗಳು ವಾಣಿಶ್ರೀಯನ್ನು ಹರಪನಹಳ್ಳಿಗೆ ಕೊಟ್ಟಿದ್ದರು. ಮಂಡಿನೋವಿನಿಂದ ಕೊಟ್ರಮ್ಮ ಹೆಚ್ಚು ಓಡಾಡುತ್ತಿರಲಿಲ್ಲ. ಬೆಳಿಗ್ಗೆ ಪೂಜೆ ಮುಗಿದರೆ ಕಟ್ಟೆಗೆ ಬಂದು ಕೂತು, ರಾತ್ರಿ ಉಳಿದ ಜೋಳದ ರೊಟ್ಟಿಯನ್ನು ಮುರಿದು ನಾಯಿಗಳಿಗೆ ಹಾಕುವುದು ಆಕೆಯ ರೂಢಿ. ಕಪ್ಪಗಿದ್ದ ದೊಡ್ಡ ಗಂಡು ನಾಯಿ ಕರಿಯಾ, ಕೆಂಚು ಬಣ್ಣದ ಹೆಣ್ಣು ಕೆಂಚಿ. ಉಳಿದವಕ್ಕೂ ಒಂದೊಂದು ಹೆಸರು.

ಮಾಲಾ ಬಂದ ಮರುವರ್ಷ ಹೊಸಪೇಟೆ ಕಡೆಯಿಂದ ನಾಯಿಗಳಿಗೆ ಸಂತಾನಹರಣ ಆಪರೇಷನ್ ಮಾಡುವ ತಂಡವೊಂದು ಊರಿಗೆ ಬಂತು. ಹಿಡಿದುಕೊಡುವ ಕೆಲಸ ಮಾಲಾಗೆ ಬಿತ್ತು. ಬಲೆ ಕಂಡರೆ ನಾಯಿಗಳು ಗೋದಾಮಿನ ಹಿಂದೆ ನುಸುಳಿಬಿಡುತ್ತಿದ್ದವು. ಮಾಲಾ ಕೊಟ್ರಮ್ಮನ ಕಟ್ಟೆಗೆ ಬಂದು ಕೂತಳು.

"ಅಮ್ಮಾರ, ನೀವು ಕರದ್ರ ಮಾತ್ರ ಬರ್ತಾವ. ಒಂದೀಟು ಕೈ ಕೊಡ್ರಿ."

"ಕೊಯ್ತಾರಂತಲ್ಲವಾ? ಪಾಪ ಹತ್ತಂಗಿಲ್ಲೇನು ನನಗ?"

"ಕೆಂಚಿನ ನೋಡ್ರಿ ಅಮ್ಮಾರ. ಹಡದು ಹಡದು ಎಲುಬು ಕಾಣಾಕತ್ಯಾವ. ಹೋದ ಸಲ ಏಳು ಹಾಕಿತ್ತು, ಒಂದರ ಉಳೀತೇನು?"

ಕೊಟ್ರಮ್ಮ ಕೆಂಚಿಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನಕ್ಕಳು.

"ನನಗೂ ಗುರುಶಾಂತ ಹುಟ್ಟಿದ ಮ್ಯಾಲೆ ಆಪರೇಷನ್ ಆತು. ಅತ್ತಿ ಹದಿನೈದು ದಿನ ಮಾತಾಡ್ಸಲಿಲ್ಲ. ಅದರ ಮ್ಯಾಲೆನ ನಾನು ಹೊಟ್ಟಿ ತುಂಬ ಉಂಡಿದ್ದು. ಕರ್ಕೊಂಡ್ ಹೋಗವಾ, ಕೆಂಚಿನೂ ಉಣ್ಲಿ."

ಹಾಗೆ ಓಣಿಯ ನಾಯಿಗಳೆಲ್ಲ ಒಂದೊಂದಾಗಿ ಆಪರೇಷನ್ ಆಗಿ, ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿಕೊಂಡು, ಗುರುತಿಗೆ ಎಡಗಿವಿಯ ತುದಿ ಕತ್ತರಿಸಿಕೊಂಡು ವಾಪಸ್ ಬಂದವು. ಮುಂದಿನ ವರ್ಷಗಳಲ್ಲಿ ಜಗಲಿ ಕೆಳಗೆ ಮರಿ ಕಾಣಲಿಲ್ಲ. ವಯಸ್ಸಾದವು ಸತ್ತವು, ಏಳೆಂಟು ಉಳಿದವು. ರೈಲ್ವೆ ಸ್ಟೇಷನ್ ಕಡೆಯ ನಾಯಿ ಓಣಿಗೆ ಕಾಲಿಟ್ಟರೆ ಕರಿಯಾ ಮುಂದಾಗಿ ಎಲ್ಲವೂ ಎದ್ದು ಅಟ್ಟಿಬಿಡುತ್ತಿದ್ದವು. ವರ್ಷಕ್ಕೊಮ್ಮೆ ಮಾಲಾ ಆಸ್ಪತ್ರೆಯಿಂದ ಐಸ್ ಡಬ್ಬಿಯಲ್ಲಿ ಲಸಿಕೆ ತರುತ್ತಿದ್ದಳು. ಕೊಟ್ರಮ್ಮ ರೊಟ್ಟಿ ತೋರಿಸಿ ಕತ್ತು ಹಿಡಿದುಕೊಂಡರೆ, ಇವಳು ಹಿಂದಿನಿಂದ ಸೂಜಿ ಚುಚ್ಚುತ್ತಿದ್ದಳು. ಕೆಲಸ ಮುಗಿದ ಮೇಲೆ ಕೊಟ್ರಮ್ಮ ಒಳಗಿನಿಂದ ಎರಡು ಲೋಟ ಚಹಾ ತರುತ್ತಿದ್ದಳು. ಎರಡೂ ಒಂದೇ ತರದ ಹಿತ್ತಾಳೆ ಲೋಟ. ಇಬ್ಬರೂ ಆ ಬಗ್ಗೆ ಯಾವತ್ತೂ ಮಾತಾಡಲಿಲ್ಲ, ಆದರೆ ಮಾಲಾ ಅದನ್ನು ಗಮನಿಸದೆ ಇರಲಿಲ್ಲ.

ಕರಿಯಾನಿಗೆ ಒಂದು ಕೆಟ್ಟ ಚಾಳಿ ಇತ್ತು. ಜೋರಾಗಿ ಬರುವ ಬೈಕ್ ಕಂಡರೆ ಬೆನ್ನು ಹತ್ತುತ್ತಿತ್ತು. ಶಿವರಾತ್ರಿ ಕಳೆದ ವಾರ, ಕತ್ತಲಾಗುವ ಹೊತ್ತಿಗೆ ಗುರುಶಾಂತ ಅಂಗಡಿಯಿಂದ ಬರುತ್ತಿದ್ದಾಗ ಅದು ತಿಪ್ಪೆಯ ಕಡೆಯಿಂದ ನುಗ್ಗಿತು. ಅವನು ಕಾಲೆತ್ತಲು ಹೋಗಿ ಗೋದಾಮಿನ ಮೆಟ್ಟಿಲಿಗೆ ಬಡಿದು ಬಿದ್ದ. ಮೊಣಕಾಲಿನ ಕೆಳಗೆ ಎಲುಬು ಎರಡು ತುಂಡಾಯಿತು. ದಾವಣಗೆರೆಗೆ ಕರೆದೊಯ್ದು ರಾಡ್ ಹಾಕಿಸಿದರು. ಇನ್ನು ಕಾಲು ಮೊದಲಿನಂತೆ ಮಡಚುವುದು ಕಷ್ಟ ಅಂದರು ಅಲ್ಲಿ.

ಹಾಲಸ್ವಾಮಿ ಮೆತ್ತನೆಯ ಮನುಷ್ಯ. ಅಂಗಡಿಗೆ ಬಂದ ರೈತರ ಜೊತೆ ಕೂಡ ದನಿ ಏರಿಸಿದವನಲ್ಲ. ಮಗನನ್ನು ಸ್ಟ್ರೆಚರಿನ ಮೇಲೆ ನೋಡಿದ ಮೇಲೆ ಆತ ಬೇರೆಯೇ ಆದ. ಓಣಿಯ ನಾಲ್ಕು ಜನರನ್ನು ಮನೆಗೆ ಕರೆಸಿದ. ಮಾಲಾಳನ್ನೂ ಕರೆಸಿದ. ಅವಳು ಬಾಗಿಲ ಹತ್ತಿರ ನಿಂತಳು.

"ಆಪರೇಷನ್ ಮಾಡ್ಸಿದ್ರಿ, ಕಿವಿ ಕೊಯ್ದ್ರಿ. ಕಚ್ಚೋದು, ಬೆನ್ನು ಹತ್ತೋದು ಬಿಟ್ವೇನು?" ಎಂದು ಕೇಳಿದ ಹಾಲಸ್ವಾಮಿ.

"ಅದೊಂದಕ್ಕ ಚಾಳಿ ಐತ್ರಿ ಸಾವ್ಕಾರ್ರ. ಬೇಕಾದ್ರ ಕರಿಯಾನ ಒಂದ ಹಿಡ್ಸಿ ದೂರ ಇಡೋಣು."

"ಒಂದ ಯಾಕ? ಎಲ್ಲಾ ತಗದ್ರಾತು."

"ತಗದ್ರ ಜಾಗ ಖಾಲಿ ಆಗ್ತೈತ್ರಿ. ತಿಪ್ಯಾಗಿನ ಕೂಳು ಹಂಗ ಇರ್ತೈತಿ. ಆ ಕೂಳು ಎಷ್ಟು ನಾಯಿಗೆ ಸಾಲ್ತೈತ್ಯೋ ಅಷ್ಟು ಬಂದ ಬರ್ತಾವ. ಇವಕ್ಕ ಸೂಜಿ ಆಗೈತಿ. ಬರೋವಕ್ಕ ಆಗಿರಂಗಿಲ್ಲ. ಮೊದ್ಲು ಆ ಕೋಳಿ ಕಸ ಇಲ್ಲಿ ಬೀಳೋದು ನಿಲ್ಲಬೇಕು."

"ಮತ್ತ ಎಲ್ಲಿ ಹಾಕ್ಲಿ ನಾನು, ತಲಿ ಮ್ಯಾಲೆ ಹೊತ್ಕೊಂಡು ತಿರುಗ್ಲೇನು?" ಎಂದು ದುರುಗೇಶ ಸಿಡುಕಿದ.

ಹಾಲಸ್ವಾಮಿ ಕೈಯೆತ್ತಿ ಅವನನ್ನು ಸುಮ್ಮನಾಗಿಸಿದ. "ನೋಡ ತಂಗಿ, ಹೊಲಕ್ಕ ಹುಳಾ ಬೀಳ್ತಾವ, ಎಣ್ಣಿ ಹೊಡಿತೀವಿ. ಮತ್ತ ಬೀಳ್ತಾವ, ಮತ್ತ ಹೊಡಿತೀವಿ. ಬರ್ತಾವಂತ ಬಿಟ್ರ ಬೆಳಿ ಉಳೀತೈತೇನು?"

ಮಾಲಾ ಏನೋ ಹೇಳಲು ಹೋದಳು. ಅಷ್ಟರಲ್ಲಿ ಒಳಗಿನಿಂದ ಗುರುಶಾಂತ ನೋವಿಗೆ ನರಳಿದ್ದು ಕೇಳಿಸಿತು. ಆ ನರಳಿಕೆಯ ಮುಂದೆ ಯಾವ ಮಾತೂ ನಿಲ್ಲುವಂತಿರಲಿಲ್ಲ.

ಅದಾದ ಕೆಲವು ದಿನಕ್ಕೆ ಮಾಲಾ ದನಗಳ ಕಾಲುಬಾಯಿ ಜ್ವರದ ಲಸಿಕೆಗೆಂದು ಹಡಗಲಿ ಕಡೆಯ ಮಾಗಳಕ್ಕೆ ಹೋಗಿದ್ದಳು. ಆ ಕಡೆ ಸಿಬ್ಬಂದಿ ಸಾಲದೆ ಇವಳನ್ನು ಕರೆಸಿಕೊಂಡಿದ್ದರು. ಹೊಳೆದಂಡೆಯ ಮನೆಮನೆ ತಿರುಗಿ ಸಂಜೆಯ ಬಸ್ಸಿಗೆ ವಾಪಸ್ ಬಂದು ಓಣಿಗೆ ತಿರುಗಿದಾಗ ಏನೋ ಕಡಿಮೆಯಾದಂತೆ ಅನಿಸಿತು. ಅವಳ ಚೀಲ ಮೂಸಲು ಯಾವ ನಾಯಿಯೂ ಎದುರು ಬರಲಿಲ್ಲ. ತಿಪ್ಪೆಯ ಮೇಲೆ ಕಾಗೆಗಳಷ್ಟೇ ಇದ್ದವು.

ಕೊಟ್ರಮ್ಮ ಕಟ್ಟೆಯ ಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಮಾಲಾಳನ್ನು ನೋಡಿದ್ದೇ ಆಕೆಯ ಭುಜ ಅಲುಗತೊಡಗಿತು.

"ನನ್ನ ರೊಟ್ಯಾಗ ಎಣ್ಣಿ ಕಲಸ್ಯಾರವಾ. ನಾನು ಮುಚ್ಚಿಟ್ಟಿದ್ದ ರೊಟ್ಟಿಗೇ ಹಚ್ಯಾರ. ನಾನು ಪೂಜಿಗೆ ಕುಂತಿದ್ದೆ. ಇವ್ರ ತಂದು ಹಾಕ್ಯಾರ. ನನ್ನ ಕೈದಂತ ತಿಂದ್ವು."

"ಎಲ್ಲಾನೂ?"

"ಕೆಂಚಿ ಇಲ್ಲಿ ತನಕ ಬಂತು. ಮೆಟ್ಟಲಾ ಹತ್ತಾಕ ಆಗ್ಲಿಲ್ಲ. ನನ್ನ ಮಕಾ ನೋಡ್ತಿತ್ತು."

ಮಾಲಾ ಪಕ್ಕದಲ್ಲಿ ಕೂತಳು. ಕಾನೂನು ಏನು ಹೇಳುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಪೊಲೀಸ್ ಸ್ಟೇಷನ್ ದೂರವಿರಲಿಲ್ಲ. ಅವಳ ಮುಖ ನೋಡಿದ ಕೊಟ್ರಮ್ಮ ಕೈ ಹಿಡಿದುಕೊಂಡಳು.

"ಬ್ಯಾಡವಾ. ತಪ್ಪು ಮಾಡ್ಯಾರ, ಆದ್ರ ನನ್ನ ಗಂಡ. ಮಗಾ ಹಾಸಿಗಿ ಹಿಡದಾನ. ಮನಿ ಮುಂದ ಪೊಲೀಸ್ರು ಬಂದ್ರ ನಾನು ಬದುಕಂಗಿಲ್ಲ."

ಮಾಲಾ ದೂರು ಕೊಡಲಿಲ್ಲ. ಕೊಟ್ರಮ್ಮ ಗಂಡನ ಜೊತೆ ಮಾತು ಬಿಟ್ಟಳು. ಅಡಿಗೆ ಮಾಡಿ ತಟ್ಟೆ ಇಡುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಆದರೆ ಮಾತಿಲ್ಲ. ಹಾಲಸ್ವಾಮಿ ಮೊದಮೊದಲು ಸಿಟ್ಟು ಮಾಡಿದ. ಆಮೇಲೆ ಒಂದು ದಿನ ಕುಪ್ಪಸದ ಬಟ್ಟೆ ತಂದು ಮಂಚದ ಮೇಲಿಟ್ಟ. ಅದು ಇಟ್ಟಲ್ಲೇ ಉಳಿಯಿತು.

ಓಣಿ ಯುಗಾದಿ ತನಕ ಖಾಲಿಯಿತ್ತು. ಮಕ್ಕಳು ಬೀದಿಯಲ್ಲಿ ಆಡಿದರು. "ನೋಡು, ಎಷ್ಟು ಆರಾಮ ಐತಿ" ಎಂದು ಎದುರಿಗೆ ಸಿಕ್ಕವರು ಹಾಲಸ್ವಾಮಿಗೆ ಹೇಳುತ್ತಿದ್ದರು. ದುರುಗೇಶನ ಅಂಗಡಿಯ ಕರುಳು, ಚರ್ಮ ಅದೇ ತಿಪ್ಪೆಗೆ ಬೀಳುತ್ತಿದ್ದವು. ಬಿಸಿಲಿಗೆ ಕೊಳೆತು ನಾರತೊಡಗಿದವು. ಹೆಗ್ಗಣಗಳು ಹಗಲೇ ಹೊರಬಿದ್ದವು.

ಮೊದಲು ಬಂದಿದ್ದು ಸ್ಟೇಷನ್ ಕಡೆಯ ಎರಡು ನಾಯಿ. ತಿಪ್ಪೆಯ ಅಂಚಿಗೆ ಬಂದು ನಿಂತು, ಯಾರಾದರೂ ಅಟ್ಟುತ್ತಾರೇನೋ ಎಂದು ಸುತ್ತ ನೋಡಿ, ಯಾರೂ ಬಾರದಿದ್ದಾಗ ಒಳಗೆ ನಡೆದವು. ಆಮೇಲೆ ಕೂಡ್ಲಿಗಿ ರಸ್ತೆ ಕಡೆಯಿಂದ ಒಂದು ಹಿಂಡು. ಕಾರ ಹುಣ್ಣಿವೆ ಹೊತ್ತಿಗೆ ಓಣಿಯ ತುಂಬ ಗುರುತಿಲ್ಲದ ಮುಖಗಳು. ಜಾಗಕ್ಕಾಗಿ ದಿನವೂ ಕಚ್ಚಾಟ. ಹೆಣ್ಣುಗಳೆಲ್ಲ ಬೆದೆಗೆ ಬಂದವು, ಮಳೆಗಾಲಕ್ಕೆ ಎಲ್ಲ ಜಗಲಿಗಳ ಕೆಳಗೂ ಮರಿ ಕುಂಯ್ಗುಟ್ಟತೊಡಗಿದವು. ಕರಿಯಾನ ಕಾಲದಲ್ಲಿ ಇದ್ದುದಕ್ಕಿಂತ ಎರಡು ಪಾಲು ಹೆಚ್ಚಾದವು. ಶಾಲೆಗೆ ಹೋಗುವ ಮಕ್ಕಳಿಗೆ ಈಗ ದೊಡ್ಡವರು ಜೊತೆ ಹೋಗಬೇಕಾಯಿತು.

"ಮತ್ತ ಹಾಕಬೇಕಾತು" ಎಂದು ಹಾಲಸ್ವಾಮಿ ಒಂದು ದಿನ ಊಟಕ್ಕೆ ಕೂತಾಗ ಅಂದ. ಕೊಟ್ರಮ್ಮ ಸಾರಿನ ಪಾತ್ರೆಯನ್ನು ಅಲ್ಲೇ ಬಿಟ್ಟು ಒಳಗೆ ಹೋದಳು.

ಮಾಲಾ ಹೊಸ ನಾಯಿಗಳಿಗೆ ಲಸಿಕೆ ಹಾಕಲು ಎರಡು ಸಲ ನೋಡಿದಳು. ಅವು ಮನುಷ್ಯರ ಹತ್ತಿರ ಸುಳಿಯುತ್ತಿರಲಿಲ್ಲ. ಆಪರೇಷನ್ ತಂಡಕ್ಕೆ ಫೋನ್ ಮಾಡಿದಳು. ಮಳೆಗಾಲ ಮುಗಿದ ಮೇಲೆ ಬರುತ್ತೇವೆ ಅಂದರು. ಈ ಮಾತನ್ನು ಕೊಟ್ರಮ್ಮನಿಗೆ ಹೇಳಿದಾಗ ಆಕೆ, "ನಾನು ರೂಢಿ ಮಾಡ್ಸಲೇನು?" ಅಂದಳು.

"ಏನು ರೂಢಿ ಅಮ್ಮಾರ?"

"ರೊಟ್ಟಿ ಹಾಕ್ಕೋಂತ ಬಂದ್ರ ಹತ್ರ ಬರ್ತಾವ. ಆಮ್ಯಾಲೆ ನೀನು ಸೂಜಿ ಮಾಡಬಹುದು. ಮೊದ್ಲಿನಂಗ."

ಆ ಘಟನೆಯ ನಂತರ ಆಕೆಯ ಮುಖದಲ್ಲಿ ಸ್ವಲ್ಪ ಬೆಳಕು ಕಂಡದ್ದು ಅಂದೇ. ಅದನ್ನು ನೋಡಿ ಮಾಲಾಗೆ ಬೇಡ ಅನ್ನಲು ಮನಸ್ಸಾಗಲಿಲ್ಲ. "ದೂರದಿಂದ ಹಾಕ್ರಿ ಅಮ್ಮಾರ. ಕೈಲಿ ಮಾತ್ರ ಕೊಡಬ್ಯಾಡ್ರಿ" ಅಂದಳು.

ಕೊಟ್ರಮ್ಮ ಮತ್ತೆ ಕಟ್ಟೆಗೆ ಬಂದು ಕೂತಳು. ಗಂಡ ಅಂಗಡಿಗೆ ಹೋದ ಮೇಲೆ ಹಾಕುತ್ತಿದ್ದಳು. ಮೊದಲು ಬರುತ್ತಿದ್ದುದು ಒಂದು ಬಡಕಲು ಬಿಳಿ ನಾಯಿ. ದಿನ ಕಳೆದಂತೆ ಅದು ಮೆಟ್ಟಿಲ ತನಕ ಬಂತು. ಇನ್ನೂ ಎರಡು ಅದರ ಹಿಂದೆ ಬರತೊಡಗಿದವು. "ಇನ್ನೊಂದೆಂಟು ದಿನ ತಡಿ, ಕೈಗೆ ಬರ್ತಾವ" ಎಂದು ಆಕೆ ಮಾಲಾಗೆ ಹೇಳುತ್ತಿದ್ದಳು.

ಶ್ರಾವಣದಲ್ಲಿ ಒಂದು ಬೆಳಿಗ್ಗೆ ಮಾಲಾ ಕೆಲಸಕ್ಕೆ ಹೊರಟಾಗ ಕೊಟ್ರಮ್ಮನ ಬಲಗೈಗೆ ಬಟ್ಟೆ ಸುತ್ತಿದ್ದು ಕಂಡಿತು.

"ಏನಾತ್ರಿ ಕೈಗೆ?"

"ಈಳಿಗಿ ತಾಗ್ತವಾ. ಬದ್ನಿಕಾಯಿ ಹೆಚ್ಚಾಕ ಹೋಗಿ."

"ನೋಡೋಣು ಬಿಚ್ರಿ."

"ಅರಿಶಿಣ ಸುಣ್ಣ ಹಚ್ಚೀನಿ. ಬಿಚ್ಚಿದ್ರ ಮತ್ತ ರಕ್ತ ಬರ್ತೈತಿ. ನಿನ್ನ ಬಸ್ಸು ತಪ್ಪೀತು, ಹೋಗು."

ಮಾಲಾ ಹೋದಳು. ಆ ದಿನ ಕೊಟ್ಟೂರಿನ ಕಡೆ ಕುರಿಗಳಿಗೆ ರೋಗ ಬಿದ್ದಿತ್ತು, ಬಸ್ಸೂ ಬಂದೇಬಿಟ್ಟಿತ್ತು. ಮುಂದೆ ಬಿಳಿ ನಾಯಿ ಓಣಿಯಲ್ಲಿ ಕಾಣಲಿಲ್ಲ. ನಾಯಿಗಳು ಬರುವುದು, ಹೋಗುವುದು, ಸಾಯುವುದು ಆ ತಿಂಗಳುಗಳಲ್ಲಿ ಎಷ್ಟು ಸಾಮಾನ್ಯವಾಗಿತ್ತೆಂದರೆ ಯಾರಿಗೂ ಅದು ವಿಶೇಷ ಅನಿಸಲಿಲ್ಲ. ಕೊಟ್ರಮ್ಮನ ಗಾಯವೂ ಮಾಯಿತು.

ದಸರೆಗೆ ವಾಣಿಶ್ರೀ ಹರಪನಹಳ್ಳಿಯಿಂದ ಬಂದು ಹೋದಳು. ಆಗಲೇ ಕೊಟ್ರಮ್ಮ, "ಈ ಕೈ ಯಾಕೋ ಜುಮ್ ಅಂತೈತಿ, ಇರಿವಿ ಹರದಂಗ ಆಗ್ತೈತಿ" ಅನ್ನುತ್ತಿದ್ದಳಂತೆ. ಆಮೇಲೆ ಜ್ವರ ಬಂತು. ನಿದ್ದೆ ಹೋಯಿತು. ಓಣಿಯ ಡಾಕ್ಟರು ಜ್ವರಕ್ಕೆ ಮಾತ್ರೆ ಕೊಟ್ಟರು. ಎರಡನೇ ದಿನ ಮಧ್ಯಾಹ್ನ ಗುರುಶಾಂತ ಕೋಲೂರಿಕೊಂಡು ಮಾಲಾಳ ಬಾಗಿಲಿಗೆ ಬಂದ.

"ಅಕ್ಕಾ, ಅವ್ವ ನಿನ್ನ ಕರಿಯಾಕತ್ಯಾಳ. ನೀರು ಕುಡಿಯವಲ್ಲಳು. ಏನಂತ ತಿಳಿವಲ್ದು."

ಮಾಲಾ ಹಾಗೇ ಓಡಿದಳು. ಕೊಟ್ರಮ್ಮ ಮಂಚದ ಮೇಲೆ ಗೋಡೆಗೆ ಆತುಕೊಂಡು ಕೂತಿದ್ದಳು. ಕಣ್ಣು ಕೆಂಪಾಗಿದ್ದವು. ಫ್ಯಾನ್ ಆರಿಸಿ ಅಂತ ಬೆಳಿಗ್ಗೆಯೇ ಹೇಳಿದ್ದಳಂತೆ. ಗಾಳಿ ಮೈಗೆ ತಾಗಿದರೆ ತಡೆಯಲಾಗುತ್ತಿರಲಿಲ್ಲ. ಹಾಲಸ್ವಾಮಿ ಕೈಯಲ್ಲಿ ನೀರಿನ ಲೋಟ ಹಿಡಿದು ನಿಂತಿದ್ದ. "ಒಂದು ಗುಟುಕು ಕುಡಿ, ನನ್ನ ಮ್ಯಾಲಿನ ಸಿಟ್ಟು ನೀರಿನ ಮ್ಯಾಲೆ ಯಾಕ?" ಎಂದು ಬೇಡಿಕೊಳ್ಳುತ್ತಿದ್ದ. ಲೋಟ ಹತ್ತಿರ ಬಂದದ್ದೇ ಕೊಟ್ರಮ್ಮನ ಗಂಟಲು ಸೆಟೆದುಕೊಂಡಿತು. ಕತ್ತು ಹಿಂದಕ್ಕೆ ಎಳೆದು, ಉಸಿರು ಸಿಕ್ಕಿಕೊಂಡು, ಮುಖ ಕಪ್ಪಿಟ್ಟಿತು.

ಮಾಲಾ ಹುಚ್ಚುನಾಯಿ ರೋಗವನ್ನು ದನಗಳಲ್ಲಿ ನೋಡಿದ್ದಳು. ಮನುಷ್ಯರಲ್ಲಿ ನೋಡಿರಲಿಲ್ಲ.

"ಲೋಟ ತಗೀರಿ ಸಾವ್ಕಾರ್ರ, ಹೊರಗ ಇಡ್ರಿ" ಎಂದು ಹೇಳಿ ಮಂಚದ ಹತ್ತಿರ ಕುಕ್ಕರುಗಾಲಲ್ಲಿ ಕೂತಳು. "ಅಮ್ಮಾರ, ನನ್ನ ಮಕಾ ನೋಡ್ರಿ. ಆವತ್ತು ಕೈಗೆ ತಾಗಿದ್ದು ಈಳಿಗಿ ಹೌದೇನ್ರಿ?"

ಕೊಟ್ರಮ್ಮ ಅವಳ ಕಡೆ ತಿರುಗಿದಳು. ಬುದ್ಧಿ ಪೂರ್ತಿ ನೆಟ್ಟಗಿತ್ತು.

"ಬಿಳಿದು" ಅಂದಳು. "ಆವತ್ತು ಅದು ತಿನ್ನಲಿಲ್ಲ. ಜೊಲ್ಲು ಸುರಸ್ಕೋಂತ ನಿಂತಿತ್ತು. ಆರಾಮಿಲ್ಲೇನೋ ಅಂತ ಬಾಯಿ ಹತ್ರ ಹಿಡದೆ. ನೀನು ಬ್ಯಾಡ ಅಂದಿದ್ದಿ."

"ಹೇಳಬಾರದಾಗಿತ್ತೇನ್ರಿ ಅಮ್ಮಾರ? ನನಗರ ಹೇಳಬಾರದಾಗಿತ್ತೇನು? ಸೂಜಿ ಮಾಡ್ಸಿದ್ರ ಮುಗದ ಹೋಗ್ತಿತ್ತು."

"ಹೇಳಿದ್ರ ಇವ್ರಿಗೆ ತಿಳೀತಿತ್ತು. ಇವ್ರು ಅವನ್ನೂ ಹೊಡಸ್ತಿದ್ರು. ಮತ್ತ ನನ್ನ ರೊಟ್ಯಾಗ."

ಹೊರಗೆ ಲೋಟ ಇಟ್ಟು ಬಂದ ಹಾಲಸ್ವಾಮಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಆ ಮಾತು ಅವನ ಕಿವಿಗೆ ಬಿತ್ತು. ಅವನು ಒಳಗೆ ಬರಲಿಲ್ಲ, ಹೊರಗೂ ಹೋಗಲಿಲ್ಲ.

ಕಾರು ಮಾಡಿಸಿ ಬಳ್ಳಾರಿಯ ದೊಡ್ಡ ಆಸ್ಪತ್ರೆಗೆ ಕರೆದೊಯ್ದರು. ಮಾಲಾ ಜೊತೆಗೆ ಹೋದಳು. ಗಾಳಿ ತಾಗದಂತೆ ಕಿಟಕಿಯ ಗಾಜು ಏರಿಸಿ, ಕೊಟ್ರಮ್ಮನ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಿದ್ದಳು. ಮುಂದಿನ ಸೀಟಿನಲ್ಲಿದ್ದ ಹಾಲಸ್ವಾಮಿ ಮತ್ತೆ ಮತ್ತೆ ಹಿಂದೆ ತಿರುಗಿ, "ಅಲ್ಲಿ ಔಷಧ ಇರ್ತೈತಲ್ಲವಾ? ದೊಡ್ಡ ಆಸ್ಪತ್ರಿ ಅದು, ಇರ್ತೈತಲ್ಲ?" ಎಂದು ಕೇಳುತ್ತಿದ್ದ. ಮಾಲಾ ಮೊದಲ ಸಲ "ನೋಡೋಣ್ರಿ" ಅಂದಳು. ಆಮೇಲೆ ಕೊಟ್ರಮ್ಮನ ಹಣೆ ಸವರುತ್ತ ಕೂತಳು. ಅಲ್ಲಿನ ಡಾಕ್ಟರು ಅವನನ್ನು ಪಕ್ಕಕ್ಕೆ ಕರೆದು, ಇದು ಒಮ್ಮೆ ಹೊರಬಿದ್ದ ಮೇಲೆ ನಮ್ಮ ಕೈಯಲ್ಲಿ ಏನೂ ಇಲ್ಲ, ನೋವು ತಿಳಿಯದಂತೆ ನೋಡಿಕೊಳ್ಳುತ್ತೇವೆ ಅಂದರು.

ಕತ್ತಲು ಮಾಡಿದ ಒಂದು ಕೋಣೆಯಲ್ಲಿ ಇಟ್ಟರು. ಔಷಧಿಯಿಂದ ಮಂಪರು ಬರುವ ಮುಂಚೆ ಕೊಟ್ರಮ್ಮ ಗಂಡನನ್ನು ಹತ್ತಿರ ಕರೆದಳು. ಏಳೆಂಟು ತಿಂಗಳ ಮೇಲೆ ಆಕೆ ಅವನೊಂದಿಗೆ ಆಡಿದ ಮೊದಲ ಮಾತು ಅದು.

"ಉಂಡ್ರೇನು?"

ಹಾಲಸ್ವಾಮಿ ಹೌದೆಂದು ತಲೆಯಾಡಿಸಿದ. ಅವನು ಉಂಡಿರಲಿಲ್ಲ.

"ಉಣ್ರಿ" ಅಂದಳು. ಮರುದಿನ ನಸುಕಿನಲ್ಲಿ ತೀರಿಕೊಂಡಳು.

ಮಣ್ಣು ಮಾಡಿ ಬಂದ ಮೇಲೆ ಮನೆಯವರೆಲ್ಲ, ಮಾಲಾ ಕೂಡ, ಸೂಜಿ ಹಾಕಿಸಿಕೊಳ್ಳಬೇಕಾಯಿತು. ಸರ್ಕಾರಿ ಆಸ್ಪತ್ರೆಯ ಬೆಂಚಿನ ಮೇಲೆ ಹಾಲಸ್ವಾಮಿ, ಗುರುಶಾಂತ, ವಾಣಿಶ್ರೀ, ಮಾಲಾ ಸಾಲಾಗಿ ತೋಳು ಮಡಚಿಕೊಂಡು ಕೂತಿದ್ದರು. ವಾಣಿಶ್ರೀ ಅಪ್ಪನ ಕಡೆ ನೋಡಲಿಲ್ಲ. ತಿಂಗಳ ಕಾರ್ಯ ಮುಗಿಸಿ ಹರಪನಹಳ್ಳಿಗೆ ಹೊರಟಾಗಲೂ ಅವನಿಗೆ ಹೇಳಿ ಹೋಗಲಿಲ್ಲ.

ಓಣಿಯಲ್ಲಿ ಭಯ ಹುಟ್ಟಿತು. ದುರುಗೇಶ ಮತ್ತು ಇನ್ನಿಬ್ಬರು ಹಾಲಸ್ವಾಮಿಯ ಅಂಗಡಿಗೆ ಹೋದರು. ಗುರುಶಾಂತ ಆಮೇಲೆ ಮಾಲಾಗೆ ಹೇಳಿದ್ದು ಇಷ್ಟು: "ಈ ಸಲ ಒಂದೂ ಉಳೀಬಾರದು, ಭಾಳ ಜೋರಿಂದು ಯಾವ ಎಣ್ಣಿ ಐತಿ ಕೊಡ್ರಿ ಅಂದ್ರು. ಅಪ್ಪ ಎದ್ದು ಷಟರ್ ಎಳದ. ಅವ್ರು ಇನ್ನಾ ಒಳಗ ನಿಂತಿದ್ರು. ಹೊರಗ ನಡೀರಿ ಅಂದ. ಅಷ್ಟ."

ಮಳೆ ನಿಂತ ಮೇಲೆ ತಂಡ ಬಂತು. ಈ ಸಲ ನಾಯಿ ಹಿಡಿಯುವುದು ಬಹಳ ಕಷ್ಟವಾಯಿತು. ಮಾಲಾ ಬಲೆ ಹಿಡಿದು ಓಣಿಯ ಈ ತುದಿಯಿಂದ ಆ ತುದಿಗೆ ಓಡಿದಳು, ಮೊಣಕೈ ತರಚಿಕೊಂಡಳು. ಕೆಲವಕ್ಕೆ ಲಸಿಕೆ ಆಯಿತು, ಕೆಲವು ತಪ್ಪಿಸಿಕೊಂಡವು. ಸಂಜೆ ಸುಸ್ತಾಗಿ ಮನೆಗೆ ಬಂದವಳಿಗೆ ಸಂಜೀವ, "ಸಾಕು ಬಿಡು, ಈ ಓಣಿ ಬಿಟ್ಟು ಬ್ಯಾರೆ ಕಡೆ ಮನಿ ನೋಡೋಣು" ಅಂದ. ಅವಳು ಆಗಲೂ ಅಳಲಿಲ್ಲ. ಮೊಣಕೈಗೆ ಔಷಧಿ ಹಚ್ಚುವಾಗ ಅವನು ಬಟ್ಟೆ ಸುತ್ತಲು ಹೋದ. "ಬ್ಯಾಡ, ಬಟ್ಟಿ ಸುತ್ತಬ್ಯಾಡ" ಎಂದವಳೇ ಅವನ ಭುಜಕ್ಕೆ ಮುಖ ಒತ್ತಿ ಬಿಕ್ಕಿಬಿಕ್ಕಿ ಅತ್ತಳು.

ಮರುದಿನ ಹಾಲಸ್ವಾಮಿ ಅವಳ ಬಾಗಿಲಿಗೆ ಬಂದ. ಹೊಸ್ತಿಲ ಹೊರಗೆ ನಿಂತೇ ಕೇಳಿದ.

"ಒಂದು ಮಾತು ಕೇಳ್ತೀನಿ ತಂಗಿ. ಕಚ್ಚಿದ್ದು ಯಾವ್ದು? ಇನ್ನಾ ಐತೇನದು?"

"ಇಲ್ರಿ. ಅದಕ್ಕ ರೋಗ ಬಲಿತಿತ್ತು. ಕಚ್ಚಿದ ಮ್ಯಾಲೆ ಹತ್ತು ದಿನದಾಗ ಸತ್ತಿರ್ತೈತಿ."

ಅವನು ತಲೆಯಾಡಿಸಿದ. ಸಿಟ್ಟು ಮಾಡಲಿಕ್ಕೂ ಯಾರೂ ಉಳಿದಿರಲಿಲ್ಲ.

"ಹಳೇವು ಇದ್ದಿದ್ರ, ಕರಿಯಾ, ಕೆಂಚಿ… ಅದನ್ನ ಓಣ್ಯಾಗ ಬಿಡ್ತಿದ್ವೇನು?"

ಮಾಲಾ ನೆಲ ನೋಡಿದಳು. ಉತ್ತರ ಅವಳ ನಾಲಗೆಯ ಮೇಲೇ ಇತ್ತು. ಒಂದು ಕಾಲಕ್ಕೆ ಈ ಮಾತನ್ನು ಈ ಮನುಷ್ಯನ ಮುಖಕ್ಕೆ ಹೇಳಬೇಕೆಂದು ಅವಳು ಕಾದಿದ್ದಳು ಕೂಡ. ಈಗ ಅವನ ಕತ್ತಿನ ಎಲುಬು ಕಾಣುತ್ತಿತ್ತು, ಅಂಗಿಯ ಗುಂಡಿ ಮೇಲೆ ಕೆಳಗೆ ಆಗಿತ್ತು.

"ಹೇಳಾಕ ಬರಂಗಿಲ್ರಿ ಸಾವ್ಕಾರ್ರ" ಅಂದಳು.

"ನಿನಗ ಗೊತ್ತೈತಿ. ಹೇಳವಲ್ಲಿ." ಅವನು ಬೀದಿಗಿಳಿದ. "ಬಾ, ಒಂದು ತೋರಿಸ್ತೀನಿ."

ಅವನ ಗೊಬ್ಬರದ ಗೋದಾಮು ಓಣಿಯ ನಡುವೆ ಇತ್ತು. ಷಟರ್ ಗೇಣುದ್ದ ಎತ್ತಿದಂತೆಯೇ ಇತ್ತು. ಒಳಗೆ ಚೀಲಗಳ ಹಿಂದೆ, ಹಳೇ ಗೋಣಿತಟ್ಟಿನ ಮೇಲೆ ಒಂದು ಬೂದು ಬಣ್ಣದ ನಾಯಿ ಮಲಗಿತ್ತು. ಇವರನ್ನು ಕಂಡು ಹಲ್ಲು ಕಿರಿಯಿತು, ಏಳಲಿಲ್ಲ. ಹೊಟ್ಟೆಗೆ ಐದು ಮರಿ ಅಂಟಿಕೊಂಡಿದ್ದವು. ಆರನೆಯದು ಪಕ್ಕದಲ್ಲಿ ತಣ್ಣಗೆ ಬಿದ್ದಿತ್ತು.

"ನಿನ್ನಿ ಬಲೆ ಹಾಕುವಾಗ ಇದು ಇಲ್ಲಿ ಇತ್ತು. ನಾನು ಹೇಳಲಿಲ್ಲ" ಅಂದ ಹಾಲಸ್ವಾಮಿ. "ಎಷ್ಟು ಉಳೀತಾವ?"

"ಒಂದೋ ಎರಡೋ ರಿ. ಅದಕ ಹಾಲಿಲ್ಲ."

"ಆಕಿ ಇದ್ದಿದ್ರ ಎಲ್ಲಾನೂ ಉಳಸ್ತಿದ್ಲು."

ಎಲ್ಲವೂ ಉಳಿದರೆ ಈ ಓಣಿಗೆ ಏನಾಗುತ್ತದೆ ಎಂಬುದು ಮಾಲಾಗೆ ಗೊತ್ತಿತ್ತು. ಅವುಗಳನ್ನು ಉಳಿಸಲು ಕೊಟ್ರಮ್ಮನಿಂದಲೂ ಆಗುತ್ತಿರಲಿಲ್ಲ, ಆಗಲೂಬಾರದಿತ್ತು.

"ಹೌದ್ರಿ, ಉಳಸ್ತಿದ್ರು" ಅಂದಳು.

ಮರಿಗಳು ಹಾಲು ಬಿಟ್ಟ ಮೇಲೆ ತಾಯಿಗೆ ಆಪರೇಷನ್ ಮಾಡಿಸುವುದೆಂದೂ, ಮರಿಗಳಿಗೆ ಮೂರು ತಿಂಗಳು ತುಂಬಿದಾಗ ಸೂಜಿ ಹಾಕುವುದೆಂದೂ ಹೇಳಿ ಮಾಲಾ ಹೊರಟಳು. ತಿರುಗಿ ನೋಡಿದಾಗ ಹಾಲಸ್ವಾಮಿ ಸತ್ತ ಮರಿಯನ್ನು ಒಂದು ಕಾಗದದ ಮೇಲೆ ಎತ್ತಿಕೊಳ್ಳುತ್ತಿದ್ದ.

ಚಳಿಗಾಲ ಮುಗಿಯುವ ಹೊತ್ತಿಗೆ, ಲಸಿಕೆಯ ವಯಸ್ಸಿಗೆ ಬರುವಾಗ, ಒಂದೇ ಮರಿ ಉಳಿದಿತ್ತು. ಹಾಲಸ್ವಾಮಿ ಗೋದಾಮಿನ ಮೆಟ್ಟಿಲ ಮೇಲೆ ಕೂತು ಅದನ್ನು ತಾನೇ ಎರಡೂ ಕೈಯಲ್ಲಿ ಹಿಡಿದುಕೊಂಡ. ಹಿಡಿಯುವ ರೂಢಿ ಇರದ ಕೈ, ತುಸು ಬಿಗಿಯಾಯಿತು. ಮಾಲಾ ಅವನ ಬೆರಳನ್ನು ಸ್ವಲ್ಪ ಸಡಿಲಿಸಿ ಸೂಜಿ ಚುಚ್ಚಿದಳು. ಮರಿ ಕುಂಯ್ ಅಂದಿತು. ಅವನು ಮುಖ ಆಚೆ ತಿರುಗಿಸಿಕೊಂಡು, ಅವಳು ಮುಗೀತು ಅಂದ ಮೇಲೂ ಹಾಗೇ ಕೂತಿದ್ದ.